ಗೂಡಿನಲ್ಲಿ ಉಳಿದ ಪಾಠ

ನಾನು ಒಂದು ಟ್ಯಾಬ್ಲೆಟ್. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದವನು, ಕಣ್ಣು ಬಿಟ್ಟದ್ದು ಗದುಗಿನ ಶಿಕ್ಷಕಿ ಪ್ರೇಮಾಳ ಕೈಯಲ್ಲಿ. ಎರಡು ವರ್ಷ ಅವಳ ಶಾಲೆಯ ಕೆಲಸ ಮಾಡಿದೆ. ಆಮೇಲೆ ಅವಳು ನನ್ನನ್ನು ಬೆಟಗೇರಿಯಲ್ಲಿದ್ದ ಅಪ್ಪ ವೀರಭದ್ರಪ್ಪನಿಗೆ ಕೊಟ್ಟಳು.

"ಅಪ್ಪಾ, ಅವ್ವಂದು ಮರೆವಿನ ರೋಗ. ಇಂಥವರನ್ನ ನೋಡ್ಕೊಳ್ಳೋ ಮಂದಿಗೆ ಆನ್‌ಲೈನ್ ಕ್ಲಾಸ್ ಅದಾವು. ಶನಿವಾರಕ್ಕೊಮ್ಮೆ ಕುಂತು ಕೇಳು."

ವೀರಭದ್ರಪ್ಪ ನಿವೃತ್ತ ಬಸ್ ಕಂಡಕ್ಟರ್. ಗಡಸು ದನಿ. "ನಲವತ್ತಾರು ವರ್ಷ ಸಂಸಾರ ಮಾಡೇನಿ. ನನ್ನ ಹೇಂತಿನ್ನ ನೋಡ್ಕೊಳ್ಳೋದು ನನಗ ಯಾರು ಕಲಸ್ತಾರ?" ಎಂದು ನನ್ನನ್ನು ಗೋಡೆಯ ಗೂಡಿನಲ್ಲಿಟ್ಟ.

ಹನ್ನೊಂದು ತಿಂಗಳು ಅಲ್ಲೇ ಬಿದ್ದಿದ್ದೆ. ಅವನ ಹೆಂಡತಿ ಗುರವ್ವ ದಿನಾ ಸಂಜೆ ಬಾಗಿಲಲ್ಲಿ ನಿಂತು, "ನಮ್ಮವ್ವ ಯಾವಾಗ ಬರ್ತಾಳ?" ಎನ್ನುತ್ತಿದ್ದಳು. "ನಿಮ್ಮವ್ವ ಸತ್ತು ಮೂವತ್ತು ವರ್ಷ ಆತು! ಎಷ್ಟು ಸಲ ಹೇಳ್ಬೇಕು?" ಎಂದು ಅವನು ಗದರುತ್ತಿದ್ದ. ಅವಳಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದಳು. ಬೇಕಾದ ಪಾಠ ಎರಡು ಮಾರು ದೂರದಲ್ಲಿತ್ತು. ಕೂಗಿ ಕರೆಯಲು ನನಗೆ ಬಾಯಿರಲಿಲ್ಲ.

ಒಂದು ದಿನ ಅವನು ಅವಳ ಒದ್ದೆ ತಲೆ ಒರೆಸಲೆಂದು ಟವೆಲ್ ಎತ್ತಿದರೆ, ಗುರವ್ವ ಹೊಡೆತ ಬೀಳುತ್ತದೆಂದು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. ಅವನು ಎಂದೂ ಹೊಡೆದವನಲ್ಲ. ಟವೆಲ್ ಕೆಳಗಿಟ್ಟ. ಆ ಶನಿವಾರ ನನ್ನ ಧೂಳು ಒರೆಸಿ ಕ್ಲಾಸಿಗೆ ಕೂತ.

ಪಾಠ ಹೇಳುವವರು ಶಾಹಿದಾ ಎಂಬ ನರ್ಸ್. ಅವನು ಗುರವ್ವನ ಸಂಜೆಯ ಪ್ರಶ್ನೆ ಹೇಳಿದಾಗ ಅವರೆಂದರು, "ಅವರಿಗೆ ಸಾವಿನ ಸುದ್ದಿ ಮತ್ತ ಮತ್ತ ಹೇಳಬ್ಯಾಡ್ರಿ."

"ಹಂಗಾರ ಸುಳ್ಳು ಹೇಳಬೇಕೇನ್ರಿ?"

"ಸುಳ್ಳೂ ಬ್ಯಾಡ. ಅವ್ವನ ಬಗ್ಗೆ ನೀವೇ ಕೇಳ್ರಿ, ಅವರು ಹೇಳಲಿ."

ಅಂದು ಸಂಜೆ ಅವನು ಕೇಳಿದ: "ನಿಮ್ಮವ್ವ ರೊಟ್ಟಿ ಹೆಂಗ ಬಡೀತಿದ್ದಳು?" ಗುರವ್ವ ಬಳೆ ಸದ್ದಾಗುವಂತೆ ನೆಲದ ಮೇಲೆ ಅಂಗೈ ಬಡಿದು ತೋರಿಸಿ ನಕ್ಕಳು.

ಆ ನಗು ಏಳು ವಾರವಷ್ಟೇ ಉಳಿಯಿತು. ಆಮೇಲೆ ಅವಳ ಮಾತೇ ನಿಂತುಹೋಯಿತು. "ಅಕಿ ಕೇಳೋವಾಗ ಬೈದೆ. ಈಗ ನಾ ಕೇಳ್ತೀನಿ, ಅಕಿ ಸುಮ್ಮನ ನೋಡ್ತಾಳ," ಎಂದು ವೀರಭದ್ರಪ್ಪ ಕ್ಲಾಸಿನಲ್ಲಿ ಅತ್ತ. ಚಳಿಗಾಲದಲ್ಲಿ ಗುರವ್ವ ತೀರಿಕೊಂಡಳು.

ಈಗ ನಾನು ರಿಪೇರಿ ಅಂಗಡಿಯ ಡ್ರಾಯರಿನಲ್ಲಿದ್ದೇನೆ. ಬ್ಯಾಟರಿ ಉಬ್ಬಿದೆ, ಗಾಜು ಬಿರುಕು ಬಿಟ್ಟಿದೆ. ಗುರವ್ವ ಹೋದ ಮೇಲೆ ನಾನು ಅವನಿಗೆ ತೋರಿಸಿದ ಕೊನೆಯ ಕ್ಲಾಸ್ ಮಾತ್ರ ಮರೆಯಲಾರೆ. ಅಂದು ಹೊಸಬರು ಬಹಳ ಮಂದಿ. ಶಾಹಿದಾರ ಬದಲಿಗೆ ಬಂದಿದ್ದವರು ಒಬ್ಬೊಬ್ಬರನ್ನೇ ವಿಚಾರಿಸುತ್ತಾ, "ಅಜ್ಜಾರ, ನೀವು ಯಾರನ್ನ ನೋಡ್ಕೊಳ್ತೀರಿ?" ಎಂದರು.

"ಈಗ ಯಾರನ್ನೂ ಇಲ್ರೀ," ಎಂದ ವೀರಭದ್ರಪ್ಪ. "ತಡಾ ಮಾಡಿ ಕಲ್ತಾಂವ ನಾ. ಹೊಸಬರಿಗೆ ಅಷ್ಟು ಹೇಳಾಕ ಬಂದೇನಿ."