ಹಚ್ಚೊಳ್ಳಿ ಹೊಲದ ಸಣ್ಣ ಕಲ್ಲು

ನಮ್ಮ ಮಿಶನ್ ಶಾಲೆಯ ಹೆಡ್‌ಮಾಸ್ತರ ಆಶೀರ್ವಾದಪ್ಪನವರಿಗೆ ಸತ್ತವರೆಂದರೆ ಬಲು ಪ್ರೀತಿ, ಅವರು ಬಿಳಿಯರಾಗಿದ್ದರೆ ಮಾತ್ರ. ಮಹಾರಾಣಿ ಪಟ್ಟಕ್ಕೆ ಬಂದು ಐವತ್ತು ತುಂಬಿದ ಜುಬಿಲಿ ವರ್ಷ ಅವರ ತಲೆಗೊಂದು ಹುಳ ಹೊಕ್ಕಿತು. ದೊಡ್ಡ ಹುಡುಗಿಯರನ್ನು ಗಾಡಿಯಲ್ಲಿ ತುಂಬಿಕೊಂಡು, ಬಳ್ಳಾರಿಯಿಂದ ಸಿರುಗುಪ್ಪದ ಆಚೆಯವರೆಗಿನ ಸ್ಮಾರಕಗಳನ್ನೆಲ್ಲ ತೋರಿಸಿ ರಾಜಭಕ್ತಿ ಕಲಿಸಬೇಕಂತೆ. ಹೊಲಿಗೆ ಹೇಳಿಕೊಡುವ ನಾನು, ಸತ್ಯಮ್ಮ, ಹುಡುಗಿಯರ ಕಾವಲಿಗೆ ಜೊತೆಯಲ್ಲಿ ಹೋಗಬೇಕಾಯಿತು. ನಾನೂ ಕ್ರೈಸ್ತಳೇ. ದೇವರ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಆತನ ಹೆಸರಲ್ಲಿ ಪೇಟ ಸುತ್ತಿಕೊಂಡು ತಿರುಗುವವರ ಮೇಲೆ.

ಮೊದಲು ಕೋಟೆ, ಆಮೇಲೆ ದಂಡಿನ ಗೋರಿಗಳು. ಅಲ್ಲಿ ಯಾವನೋ ಕರ್ನಲ್ ತನ್ನ ಸತ್ತ ಕುದುರೆಗೂ ಒಂದು ಕಲ್ಲು ನಿಲ್ಲಿಸಿದ್ದ. ಹೆಡ್‌ಮಾಸ್ತರರು ಅದರ ಮುಂದೆ ಪೇಟ ತೆಗೆದು ಕಣ್ಣೊರೆಸಿಕೊಂಡರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿದ ಈ ಮನುಷ್ಯ ತನ್ನ ಅಪ್ಪನ ಮಣ್ಣಿಗೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ನಾನು ಅಲ್ಲೇ ಇದ್ದೆನಲ್ಲ, ನೋಡಿದ್ದೇನೆ.

ಮರುದಿನ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯ ಹೊರಗೆ ಗಾಡಿ ನಿಂತಾಗ ಅವರ ರಾಗವೇ ಬದಲಾಯಿತು. ಮೂಗಿಗೆ ಕರವಸ್ತ್ರ ಹಿಡಿದು, ಕಲ್ಲಿನ ಎತ್ತಿಗೆ ಕೈ ಮುಗಿಯುವ ಮೂಢರನ್ನು ಬಾಯಿ ನೋಯುವಷ್ಟು ಬೈದರು. ಕುದುರೆಯ ಕಲ್ಲಿಗೆ ಅತ್ತು ಒಂದು ರಾತ್ರಿ ಕಳೆದಿತ್ತು ಅಷ್ಟೇ. ಗಾಡಿ ಹೊಡೆಯುತ್ತಿದ್ದ ರಾಜೇಸಾಬ್ ನನ್ನ ಕಡೆ ನೋಡಿ, ಎತ್ತಿನ ಬೆನ್ನು ಸವರುತ್ತ ಸುಮ್ಮನೆ ನಕ್ಕ.

ಹುಡುಗಿಯರಲ್ಲಿ ರೂತ್ ಎಂಬವಳೊಬ್ಬಳಿದ್ದಳು. ಹತ್ತು ವರ್ಷದ ಹಿಂದೆ, ಧಾತು ವರ್ಷದ ಬರದಲ್ಲಿ, ಬಳ್ಳಾರಿಯ ಗಂಜಿ ಕೇಂದ್ರದ ಬಳಿ ಒಬ್ಬಳೇ ಕುಳಿತಿದ್ದ ಮಗುವನ್ನು ಮಿಶನ್ನಿನವರು ಎತ್ತಿ ತಂದಿದ್ದರು. ತಂದ ಮೇಲೆ ಊರಮ್ಮ ಎಂಬ ಹೆಸರನ್ನು ಬದಲಾಯಿಸಿದರು. ಅನ್ನ ಹಾಕಿದರು, ಅದು ಸುಳ್ಳಲ್ಲ. ಸಿರುಗುಪ್ಪ ದಾಟುತ್ತಿದ್ದಂತೆ ಅವಳು ಹೆಡ್‌ಮಾಸ್ತರರ ಹತ್ತಿರ ಬಂದು ಕೈ ಕಟ್ಟಿ ನಿಂತಳು.

"ಮುಂದ ಹಚ್ಚೊಳ್ಳಿ ಐತ್ರಿ. ನಮ್ಮೂರು. ನಮ್ಮವ್ವ ಇದ್ರ, ಬದುಕೀನಿ ಅಂತ ಒಂದ್ ಮಾತು ಹೇಳಿ ಬರ್ತೀನ್ರಿ."

"ನಿನಗೆ ತಾಯಿ ತಂದೆ ಎಲ್ಲ ಮಿಶನ್ನೇ," ಎಂದರು ಅವರು. "ನಾವು ನೋಡಬೇಕಾದ್ದು ಊರ ಹೊರಗಿನ ಲೆಫ್ಟಿನೆಂಟರ ಸಮಾಧಿ. ಅದನ್ನು ನೋಡಿ ಅಲ್ಲಿಂದಲೇ ಹಿಂದಿರುಗುವುದು."

ಕರುಣೆ ಇಲ್ಲವೆಂದಲ್ಲ, ಭಯ. ಹುಡುಗಿಯನ್ನು ಅವಳ ಮನೆಯವರು ಹಿಡಿದುಕೊಂಡರೆ ಬಳ್ಳಾರಿಯ ಮಿಶನ್ ದೊರೆಗೆ ಏನು ಉತ್ತರ ಹೇಳುವುದು? ನಾನು ಹುಡುಗಿಯ ಪರವಾಗಿ ಎರಡು ಮಾತು ಆಡಿದೆ. ಹೊಲಿಗೆಯವಳಿಗೆ ಸೂಜಿಯಷ್ಟೇ ಸಾಕು ಎಂದರು.

ಆ ಲೆಫ್ಟಿನೆಂಟ್ ಹಂದಿ ಬೇಟೆಗೆ ಹೋಗಿ ಬಿಸಿಲು ಬಡಿದು ಸತ್ತವನು. ಅವನ ಸಮಾಧಿ ಎರೆ ಹೊಲಗಳ ನಡುವೆ ಸುಣ್ಣ ಬಳಿಸಿಕೊಂಡು ನಿಂತಿತ್ತು. ಹುಡುಗಿಯರು ಸಾಲಾಗಿ ನಿಂತು ರಾಣಿಯ ಹಾಡು ಹೇಳತೊಡಗಿದರು. ಅಂದು ಮಹಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಬುಟ್ಟಿ ಹೊತ್ತ ಒಬ್ಬ ಹೆಂಗಸು ಬದುವಿನ ಮೇಲೆ ಬಂದಳು, ಹಿಂದೆ ಒಬ್ಬ ಗಂಡಸು. ಜಾಲಿ ಮರದ ಕೆಳಗೆ ಒಂದಿಷ್ಟು ಕಲ್ಲುಗಳಿದ್ದವು. ಮನೆಯಲ್ಲಿ ಸತ್ತವರಿಗೆಲ್ಲ ಹೊಲದಲ್ಲೊಂದು ಕಲ್ಲು ನೆಡುವುದು ಆ ಕಡೆಯ ಪದ್ಧತಿ, ಮಕ್ಕಳಾದರೆ ಗೇಣುದ್ದದ್ದು. ಹೆಂಗಸು ಅತಿ ಸಣ್ಣ ಕಲ್ಲಿನ ಮುಂದೆ ಕುಳಿತು ಎಲೆ ಹಾಸಿ ಹೋಳಿಗೆ ಇಟ್ಟು, ಮೇಲೆ ತುಪ್ಪ ಬಿಟ್ಟಳು.

ರೂತ್ ಹಾಡು ನಿಲ್ಲಿಸಿದಳು. ಸಾಲು ಬಿಟ್ಟು ಹೊಲಕ್ಕಿಳಿದಳು. ಹೆಡ್‌ಮಾಸ್ತರರು ಕೂಗುತ್ತ ಹಿಂದೆ ಓಡಿದರು. ನಾನೂ ಓಡಿದೆ, ಅವರನ್ನು ತಡೆಯುವುದಕ್ಕೆ.

"ಯವ್ವಾ, ನಾನು ಊರಮ್ಮ ಅದೀನಿ."

ಹೆಂಗಸು ತಲೆಯೆತ್ತಿದಳು. "ನಮ್ಮ ಊರಮ್ಮ ಬರದಾಗ ಸತ್ಲು. ಗಂಜಿ ಕೇಂದ್ರದಾಗಿನ ಹುಡುಗ್ರೆಲ್ಲ ವಾಂತಿಭೇದಿಗೆ ಹೋದ್ರು ಅಂದ್ರು. ಇದಾ ಆಕಿ ಕಲ್ಲು."

"ಗಂಜಿ ತರ್ತೀನಿ, ಇಲ್ಲೇ ಕುಂದ್ರು ಅಂದಿದ್ದಿ. ನಾ ಕುಂತಾ ಇದ್ನಿ, ಯವ್ವಾ."

ಹೆಂಗಸಿನ ಕೈಯಿಂದ ತುಪ್ಪದ ಗಿಂಡಿ ಜಾರಿತು. ಮಾತಾಡಿದವನು ಆ ಗಂಡಸು, ಅವಳ ಮೈದುನ ಉಚ್ಚೆಂಗೆಪ್ಪ.

"ಜಂಬಮ್ಮ, ಎದ್ದೇಳು. ಕಲ್ಲು ನೆಟ್ಟ ಮ್ಯಾಲ ಮುಗೀತು. ಮಿಶನ್ನಾಗ ಉಂಡು ಬೆಳೆದಾಕಿ ನಮ್ಮ ಹೊಸ್ತಿಲಾ ದಾಟಾಂಗಿಲ್ಲ. ಕುಲದವ್ರು ನಮ್ಮನ್ನ ಹೊರಗ ಹಾಕ್ತಾರ."

"ಯಜಮಾನರು ಸರಿಯಾಗಿ ಹೇಳಿದರು," ಎಂದರು ನಮ್ಮ ಹೆಡ್‌ಮಾಸ್ತರರು, ಏದುಸಿರು ಬಿಡುತ್ತ. "ಆ ಊರಮ್ಮ ಸತ್ತಳು. ಇವಳು ರೂತ್."

ಸಿರುಗುಪ್ಪದಲ್ಲಿ ದಾರಿ ಕೇಳುವಾಗಲೂ ಒಬ್ಬ ಒಕ್ಕಲಿಗನ ಜೊತೆ ನೆಟ್ಟಗೆ ಮಾತಾಡದ ಮನುಷ್ಯ, ಈಗ ಉಚ್ಚೆಂಗೆಪ್ಪನಿಗೆ ಯಜಮಾನರು ಎನ್ನುತ್ತಿದ್ದರು. ಒಬ್ಬ ಕುಲದ ಹೆಸರಲ್ಲಿ, ಇನ್ನೊಬ್ಬ ಯೇಸುವಿನ ಹೆಸರಲ್ಲಿ. ಇಬ್ಬರಿಗೂ ಹುಡುಗಿ ಸತ್ತಿದ್ದರೇ ಅನುಕೂಲ. ನನಗೆ ಇಬ್ಬರ ಮುಖದ ಮೇಲೂ ಉಗುಳಬೇಕೆನಿಸಿತು.

ಹುಡುಗಿ ಇಬ್ಬರನ್ನೂ ನೋಡಲಿಲ್ಲ. ಕಲ್ಲಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಎಲೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಹೋಳಿಗೆ ಮುರಿದಳು.

"ತಿನ್ನಬೇಡ," ಎಂದರು ಹೆಡ್‌ಮಾಸ್ತರರು. "ವಿಗ್ರಹಕ್ಕೆ ಇಟ್ಟದ್ದನ್ನು ತಿಂದರೆ ನಿನಗೆ ಶಾಲೆಯಲ್ಲಿ ಜಾಗವಿಲ್ಲ."

"ವಿಗ್ರಹಕ್ಕ ಇಟ್ಟಿಲ್ರಿ," ಎಂದಳು ಅವಳು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು. "ನನಗ ಇಟ್ಟಾಳ."

ಧರ್ಮಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದ ಆಶೀರ್ವಾದಪ್ಪನವರು ಪೇಟ ತೆಗೆದು ಬೆವರು ಒರೆಸಿಕೊಂಡರು. ಅವಳು ಅವಸರವಿಲ್ಲದೆ ಎಲೆಯಲ್ಲಿದ್ದುದನ್ನು ಪೂರಾ ತಿಂದಳು, ಬೆರಳಿಗೆ ಅಂಟಿದ ತುಪ್ಪವನ್ನೂ ನೆಕ್ಕಿದಳು. ಆಮೇಲೆ ಜಂಬಮ್ಮನ ಮುಂದೆ ಕೈ ಚಾಚಿದಳು.

"ಇನ್ನೊಂದು ನೀಡವ್ವ."

ಜಂಬಮ್ಮ ಬುಟ್ಟಿಗೆ ಕೈ ಹಾಕಿದಳು. ಉಚ್ಚೆಂಗೆಪ್ಪ ಆ ಕೈಯನ್ನು ಹಿಡಿದ. "ಸತ್ತವ್ರಿಗೆ ಒಮ್ಮೆ ಎಡಿ ಇಟ್ರ ಆತು. ಎರಡ್ನೇ ಸಲ ನೀಡಬಾರ್ದು."

ಜಂಬಮ್ಮ ಅವನ ಕೈಯನ್ನು ಕೊಡವಿ ಬಿಡಿಸಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹತ್ತು ವರ್ಷ ಈ ಕಲ್ಲಿಗೆ ನೀಡೀನಿ. ಒಂದು ಸಲನಾದ್ರೂ ಇನ್ನೊಂದು ಬೇಕು ಅಂತ ಕೇಳೇತೇನು?"

ಬುಟ್ಟಿಯನ್ನೇ ಎತ್ತಿ ಮಗಳ ಮಡಿಲಿಗೆ ಸುರಿದಳು.