ಬಿಚ್ಚಿದ ಲೇಸು

ಎಪ್ಪತ್ತೊಂದರ ಯುದ್ಧದ ಸೈನಿಕನ ಬೆನ್ನಿಗೆ ಪ್ಲಾಸ್ಟಿಕ್ ಬಕಲ್ಲಿನ ಚೀಲ ಏರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾರು ನೋಡ್ತಾರೆ ಮಹೆವಿಶ ಮೇಡಂ ಎನ್ನುತ್ತಾರೆ. ನಾನು ನೋಡುತ್ತೇನೆ! ಹೈದರಾಬಾದಿನ ಸಿನಿಮಾದವರಿಗೆ ಯುದ್ಧದ ಸಾಮಾನುಗಳ ನಕಲು ಮಾಡಿಕೊಡುವುದು ನನ್ನ ಕೆಲಸ. ಶಹಾಬಾದಿನ ನಮ್ಮ ಮನೆಯ ಹಿಂದೆ ಶೆಡ್ಡಿದೆ. ನಕಲು ಮಾಡಬೇಕಾದರೆ ಮೊದಲು ಅಸಲು ಕೈಗೆ ಸಿಗಬೇಕು. ಈ ಸಲ ಎಪ್ಪತ್ತೊಂದರ ಬೂಟು ಸಿಕ್ಕಿರಲಿಲ್ಲ. ವಾಡಿಯ ಗುಜರಿಯಲ್ಲಿ ಸಿಕ್ಕಿದ್ದು ಪೊಲೀಸರದು. ಸೇಡಂನ ನಿವೃತ್ತ ಹವಾಲ್ದಾರರೊಬ್ಬರು ಹೆಮ್ಮೆಯಿಂದ ತೋರಿಸಿದ್ದು ತೊಂಬತ್ತರ ಈಚಿನದು.

ಆ ಹವಾಲ್ದಾರರೇ ಭಂಕೂರದ ಶಿವಕಾಂತಮ್ಮನ ಹೆಸರು ಹೇಳಿದರು. ಮದುವೆಯಾದ ಎರಡೇ ತಿಂಗಳಿಗೆ ಗಂಡ ಸಿದ್ಧಲಿಂಗ ಆ ಯುದ್ಧಕ್ಕೆ ಹೋಗಿದ್ದ. ಅವನು ಬರಲಿಲ್ಲ, ಅವನ ಟ್ರಂಕು ಬಂತು.

ಹೋದಾಗ ಶಿವಕಾಂತಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ನಾನು ಬಂದ ಕಾರಣ ಕೇಳಿ ನಕ್ಕುಬಿಟ್ಟರು.

"ಮಂದಿ ಬಂಗಾರ ಹುಡುಕ್ತಾರ. ನೀ ಹಳೀ ಬೂಟು ಹುಡುಕಾಕತ್ತೀಯಲ್ಲವ್ವ. ಕುಂದ್ರು, ಚಾ ಕುಡಿ."

ಚಹಾ ಮುಗಿದ ಮೇಲೆ ಟ್ರಂಕು ತೆರೆದರು. ಅಟ್ಟೆಗೆ ಮೊಳೆ ಹೊಡೆದ ಕಪ್ಪು ಬೂಟು, ಮಿಲಿಟರಿಯವರು ಕೊಡುತ್ತಿದ್ದ ಎರಡು ಜೊತೆಗಳಲ್ಲಿ ಉಳಿದ ಒಂದು ಜೊತೆ. ವರ್ಷವರ್ಷ ಎಣ್ಣೆ ಸವರಿದ್ದರಿಂದ ಚರ್ಮ ಇನ್ನೂ ಮೆತ್ತಗಿತ್ತು. ಲೇಸು ಮಾತ್ರ ಹರಿದು ಹೋಗಿತ್ತು.

"ಲೇಸು ಹೆಂಗ ಕಟ್ತಿದ್ರೋ ಯಾರಿಗೂ ನೆನಪಿಲ್ಲ ಆಯಿ," ಎಂದು ನಾನು ಅಲವತ್ತುಕೊಂಡೆ. "ಹಳೀ ಫೋಟೊದಾಗ ನೋಡಿದ್ರ ಎಲ್ಲಾರ ಕಾಲೂ ಮಸಕು."

"ನಂಗ ನೆನಪದ."

ಮೂಲೆಯಲ್ಲಿದ್ದ ದಾರ ತೆಗೆದುಕೊಂಡು ತೂತಿನಿಂದ ತೂತಿಗೆ ಪೋಣಿಸತೊಡಗಿದರು. ಅಡ್ಡಕ್ಕೆ ಅಡ್ಡ, ಏಣಿಯ ಮೆಟ್ಟಿಲಿನ ಹಾಗೆ. ಗಂಟು ಹೊರಮಗ್ಗುಲಿಗೆ.

"ಇಷ್ಟು ಬರೋಬ್ಬರಿ ಹೆಂಗ ನೆನಪದ ಆಯಿ?"

"ಅತ್ತಿ-ಮಾವನ ಮುಂದ ಗಂಡನ ಮುಖ ನೋಡೋ ಹಂಗಿರಲಿಲ್ಲವ್ವ. ಸೆರಗಿನ ಕೆಳಗ ಕಾಲಷ್ಟೇ ಕಾಣ್ತಿದ್ವು. ಎರಡು ತಿಂಗಳದಾಗ ಅವ್ರ ಕಾಲು ಬಾಯಿಪಾಠ ಆಗಿದ್ವು. ಮುಖ ಈಗ ನೆನಪಿಗೇ ಬರೂದಿಲ್ಲ."

ಸ್ವಲ್ಪ ಹೊತ್ತು ದಾರವನ್ನೇ ಜಗ್ಗಿ ಜಗ್ಗಿ ಸರಿ ಮಾಡಿದರು.

"ವಾಡಿ ಟೇಶನ್‌ದಾಗ ಎಡಗಾಲಿನ ಲೇಸು ಬಿಚ್ಚಿತ್ತು. ನಾ ನೋಡ್ದೆ. ಅತ್ತಿ ಮಗ್ಗಲಾಗೇ ನಿಂತಿದ್ಲು, ಹೇಳಾಕ ಬಾಯಿ ಬರ್ಲಿಲ್ಲ. ಹಂಗೇ ಗಾಡಿ ಹತ್ತಿದ್ರು. ಐವತ್ತು ವರ್ಷದ ಮ್ಯಾಲಾತು. ಅದ ಲೇಸು ಕಾಲಿಗೆ ತೊಡಕಿ ಬಿದ್ರೇನೋ ಅಂತ ಇವತ್ತಿಗೂ ಜೀವ ಚುರ್ ಅಂತದ."

ಅಲ್ಲಿ ಗುಂಡು ಹಾರುತ್ತವೆ ಆಯಿ, ಲೇಸಿನಿಂದ ಯಾರೂ ಸಾಯುವುದಿಲ್ಲ ಎನ್ನಬೇಕೆಂದುಕೊಂಡೆ. ಬದಲಿಗೆ ಅವರು ಕಟ್ಟಿದ ಲೇಸಿನ ಫೋಟೊ ತೆಗೆದುಕೊಂಡೆ.

"ಬೂಟು ಒಯ್ಯಿ ಮಹೆವಿಶ," ಎಂದರು. "ಆದ್ರ ಇವನ್ನ ಹಾಕ್ಕೊಂಡು ಯಾರರ ಒಮ್ಮೆ ನನ್ನ ಕಡಿ ನಡದು ಬರಬೇಕು. ಹೋಗೂದು ನೋಡೀನಿ. ಬರೂದು ನೋಡಿಲ್ಲ."

ಹೂಂ ಎಂದೆ. ನಿಜ ಹೇಳುತ್ತೇನೆ, ಆ ಬೂಟಿಗಾಗಿ ಅವರು ಏನು ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ.

ನಲವತ್ತು ಜೊತೆ ನಕಲು ತಯಾರಾಯಿತು, ನಲವತ್ತಕ್ಕೂ ಏಣಿಯ ಹಾಗೆ ಲೇಸು. ಚಿತ್ತಾಪುರದ ಹೊರಗೆ ಶಹಾಬಾದ್ ಕಲ್ಲು ಹಾಸಿ ರೈಲು ಪ್ಲಾಟ್‌ಫಾರ್ಮಿನ ಸೆಟ್ ಹಾಕಿದ್ದರು. ಶೂಟಿಂಗ್ ದಿನ ಶಿವಕಾಂತಮ್ಮನನ್ನು ಕರೆದುಕೊಂಡು ಹೋದೆ. ಸೈನಿಕರು ಗಾಡಿ ಹತ್ತುವ ದೃಶ್ಯ. ನಿರ್ದೇಶಕರಿಗೆ ಬರೀ ಬೆನ್ನು ಬೇಕಿತ್ತು. ಏಳು ಸಲ ಟೇಕ್ ಆಯಿತು. ಏಳು ಸಲವೂ ಅವರೆಲ್ಲ ಹೋದರು, ಶಿವಕಾಂತಮ್ಮ ಕುರ್ಚಿಯ ತುದಿಯಲ್ಲಿ ಕೂತು ನೋಡಿದರು.

ಊಟಕ್ಕೆ ಬಿಟ್ಟಾಗ ಸಂಗಮೇಶ್ವರನನ್ನು ನಿಲ್ಲಿಸಿದೆ. ಸೇಡಂನ ಹುಡುಗ, ಗುಂಪಿನಲ್ಲಿ ನಟಿಸಲು ಬಂದವನು. ಸಿದ್ಧಲಿಂಗನ ಅಸಲು ಬೂಟು ಅವನೊಬ್ಬನ ಕಾಲಿಗೇ ಸರಿಹೋಗಿತ್ತು. ಅವನಿಗೆ ವಿಷಯ ಹೇಳಿ, ಬಗ್ಗಿ, ಎಡಗಾಲಿನ ಲೇಸನ್ನು ನನ್ನ ಕೈಯಾರೆ ಬಿಚ್ಚಿದೆ.

ಅವನು ಆ ತುದಿಯಿಂದ ನಡೆದು ಬಂದ. ಮೊಳೆಗಳು ಕಲ್ಲಿನ ಮೇಲೆ ಟಕ್ ಟಕ್ ಎನ್ನುತ್ತಿದ್ದವು. ಸದ್ದು ಕೇಳಿದ್ದೇ ಶಿವಕಾಂತಮ್ಮ ಎದ್ದು ನಿಂತು ಸೆರಗನ್ನು ಹಣೆಯ ಮೇಲಿಂದ ಮೂಗಿನ ತನಕ ಎಳೆದುಕೊಂಡರು. ಅತ್ತೆ ತೀರಿಹೋಗಿ ಮೂವತ್ತು ವರ್ಷವಾಗಿತ್ತು.

ಬೂಟು ಅವರ ಮುಂದೆ ಬಂದು ನಿಂತಿತು. ಮೊಣಕಾಲಿಗೆ ಕೈ ಊರಿ ಮೆಲ್ಲಗೆ ಕೂತು, ಬಿಚ್ಚಿದ ಲೇಸನ್ನು ಕೆಳಗಿನಿಂದ ಬಿಗಿ ಮಾಡುತ್ತ ಬಂದರು. ಹೊರಮಗ್ಗುಲಿಗೆ ಗಂಟು ಹಾಕಿದರು. ಅದರ ಮೇಲೆ ಇನ್ನೊಂದು ಹಾಕಿದರು. ಸಂಗಮೇಶ್ವರ ಅಲುಗಾಡದೆ ನಿಂತಿದ್ದ, ಅವನ ಕಣ್ಣು ತುಂಬಿದ್ದವು. ನನ್ನದನ್ನು ಕೇಳಬೇಡಿ.

"ಇಲ್ಲಿ ಹಿರ್ಯಾರು ಯಾರೂ ಇಲ್ಲ ಆಯಿ," ಎಂದೆ. "ಮುಖ ಎತ್ತಿ ನೋಡ್ರಿ."

"ಬ್ಯಾಡವ್ವ. ನೋಡಿದ್ರ ಬ್ಯಾರೆಯವ್ರು ಆಗ್ತಾರ."

ಬೂಟಿನ ಮೇಲೆ ಅಂಗೈ ಇಟ್ಟುಕೊಂಡು ಇನ್ನಷ್ಟು ಹೊತ್ತು ಕೂತರು. ಆಮೇಲೆ, ಅವತ್ತು ವಾಡಿಯಲ್ಲಿ ಬಾಯಿಗೆ ಬಾರದೆ ಉಳಿದದ್ದನ್ನು, ಬೂಟಿಗಷ್ಟೇ ಕೇಳುವ ಹಾಗೆ ಹೇಳಿದರು.

"ಹೋಗಿ ಬರ್ರಿ."