ಕುರಿಗಾಲು ಭಟ್ಟಿ

ಶಿಕಾರಿಪುರದಿಂದ ಸೊರಬದ ಕಡೆ ಹೋಗೋ ರಸ್ತೇಲಿ ನಮ್ಮ ಇಟ್ಟಿಗೆ ಭಟ್ಟಿ, ಪಕ್ಕದಲ್ಲೇ ಗೋದಾಮು. ಜನ ಅದನ್ನ ಕುರಿಗಾಲು ಭಟ್ಟಿ ಅಂತಾರೆ. ಆ ಹೆಸರು ಇಟ್ಟವಳು ನಾನೇ, ಬೇಕು ಅಂತ ಇಟ್ಟಿದ್ದಲ್ಲ.

ಐವತ್ತೇಳನೇ ಇಸವೀಲಿ ನಮ್ಮನೆಯವರು ಉಡುತಡಿ ಕಡೆಯ ಹೊಲ ಮಾರಿ ಭಟ್ಟಿ ಹಾಕಿದರು. ಮೊದಲು ಮಾಡಿಸಿದ್ದು ಏನು ಗೊತ್ತಾ? ಗೂಡಲ್ಲ, ಚಾವಣಿಯಲ್ಲ, ತಮ್ಮ ಹೆಸರು ಕೆತ್ತಿದ ಅಚ್ಚು. "ಗೋಡೆ ಕಟ್ಟಿದ ಮೇಲೆ ಹೆಸರು ಗಾರೆಯೊಳಗೆ ಹೋಗುತ್ತೆ ಕಣ್ರೀ, ಯಾರು ಓದ್ತಾರೆ?" ಅಂದೆ. "ನಮಗೆ ಮಕ್ಕಳಿಲ್ಲ ಕಣೇ. ಹೆಸರಾದ್ರೂ ಎಲ್ಲಾದ್ರೂ ಉಳೀಲಿ," ಅಂದರು.

ಆ ವರ್ಷವೇ ಕುರಿ ಕಾಯೋ ದ್ಯಾಮಮ್ಮನ ಹಿಂಡು, ಒಣಗಲು ಹಾಕಿದ್ದ ಹಸಿ ಇಟ್ಟಿಗೆ ಮೇಲೆ ಹಾಯ್ದುಹೋಯಿತು. ಒಂದೊಂದರ ಮೇಲೂ ಗೊರಸಿನ ಗುರುತು, ಹೆಸರು ಅಪ್ಪಚ್ಚಿ. ಇವರು ಬೈದ ಬೈಗುಳ ಅರ್ಥ ಆಗಿದ್ದರೆ ಆ ಕುರಿಗಳ ಉಣ್ಣೆಯೆಲ್ಲ ಉದುರಿಹೋಗುತ್ತಿತ್ತು. ಆದರೂ ಜಿಪುಣ ಜೀವ, ಬಿಸಾಕಲಿಲ್ಲ. ಸುಟ್ಟು ಗೋದಾಮಿನ ಮೂಲೇಲಿ ಒಟ್ಟಿಸಿದರು.

ಒಂದು ದಿನ ಇವರು ಊರಲ್ಲಿಲ್ಲದಾಗ ಹೊಸಬಾಳೆಯ ಪರಮಶಿವಪ್ಪನವರು ಗಾಡಿ ಕಟ್ಟಿಕೊಂಡು ಬಂದರು. ಅಗ್ಗಕ್ಕೆ ಸಿಕ್ಕಿತು ಅಂತ ಅದೇ ಇಟ್ಟಿಗೆ ಹೇರಿಸಿಕೊಂಡು, "ಯಾರ ಇಟ್ಟಿಗೆ ಅಂತ ಹೇಳ್ಲವ್ವ ನಮ್ಮೂರಲ್ಲಿ?" ಅಂದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತೆ ಅಂತ ನಮ್ಮವ್ವ ಹೇಳಿ ಕಳಿಸಿದ್ದಳು. ತಡವರಿಸಿ, "ಕುರಿಗಾಲು ಇಟ್ಟಿಗೆ" ಅಂದುಬಿಟ್ಟೆ.

ಗುಳಿ ಬಿದ್ದಿದ್ದಕ್ಕೆ ಗಾರೆ ಚೆನ್ನಾಗಿ ಕಚ್ಚಿಕೊಂಡಿತಂತೆ. ಸೊರಬದ ಕಡೆಯಿಂದ ಗಾಡಿ ಮೇಲೆ ಗಾಡಿ, ಎಲ್ಲರಿಗೂ ಕುರಿಗಾಲು ಇಟ್ಟಿಗೆಯೇ ಬೇಕು. ಇವರೇ ದ್ಯಾಮಮ್ಮನ ಹಟ್ಟಿಗೆ ಹೋಗಿ, "ಹಿಂಡು ಇನ್ನೊಂದ್ಸಲ ಹೊಡ್ಕೊಂಡ್ ಬಾರವ್ವ" ಅಂತ ಕೇಳಬೇಕಾಯಿತು. ಅವಳೇನು ಕಮ್ಮಿಯಾ? "ನೀವು ಬೈದಿದ್ದನ್ನ ಕುರಿಗಳು ಇನ್ನೂ ಮರ್ತಿಲ್ಲ ಯಜಮಾನ್ರೇ," ಅಂದಳು. ಜೊತೆಗೆ ಹೋಗಿದ್ದ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ವ್ಯಾಪಾರ ಏನೋ ಕುದುರಿತು. ಆದರೆ ಇವರ ಹೆಸರು ಯಾರೂ ಎತ್ತಲಿಲ್ಲ, ಕುರಿಗಾಲು ಯಜಮಾನ್ರು ಅಂತಲೇ ಕರೆದರು. ಊಟಕ್ಕೆ ಕೂತಾಗಲೆಲ್ಲ ಮುಖ ಊದಿಸಿಕೊಂಡಿರೋರು. ನಾನು ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.

ಎರಡು ವರ್ಷ ಕಳೆದು ಹೊಸಬಾಳೆಯಲ್ಲಿ ಶಾಲೆ ಕಟ್ಟಿದರು. ಇಟ್ಟಿಗೆಯೆಲ್ಲ ಇವರೇ ದಾನ ಕೊಟ್ಟರು. ಪರಮಶಿವಪ್ಪನವರು ಬಂದು, "ದಾನ ಕೊಟ್ಟವರ ಹೆಸರು ಕಲ್ಲಲ್ಲಿ ಕೆತ್ತಿಸ್ತಾ ಇದೀವಿ. ಕುರಿಗಾಲು ಭಟ್ಟಿ ಅಂತ ಹಾಕ್ಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ಅಲ್ವಾ?" ಅಂದರು.

ಇವರು ನೆಲ ನೋಡುತ್ತಾ, "ಹಂಗೇ ಹಾಕ್ಸಿ," ಅಂದರು. ಬಾಯಿಬಿಟ್ಟು ಕೇಳೋ ಮನುಷ್ಯ ಅಲ್ಲ. ಆ ಮುಖ ನೋಡಿ ನಾನೇ ಮುಂದೆ ಬಂದೆ.

"ಚಂದ್ರಶೇಖರಪ್ಪ ಅಂತ ಹಾಕ್ಸಿ," ಅಂದೆ, ಗಟ್ಟಿಯಾಗಿ.

ಪರಮಶಿವಪ್ಪನವರು ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿ, ತಲೆಯಾಡಿಸಿ ಗಾಡಿ ಹತ್ತಿದರು. ಗಾಡಿ ಮರೆಯಾಗೋವರೆಗೂ ಇವರು ಅಲ್ಲೇ ನಿಂತಿದ್ದರು. ಮದುವೆಯಾದಾಗಿಂದ ನನ್ನ ಬಾಯಲ್ಲಿ ತಮ್ಮ ಹೆಸರು ಕೇಳಿದವರೇ ಅಲ್ಲ. ಮೆಲ್ಲಗೆ ಹತ್ತಿರ ಬಂದು, "ಇನ್ನೊಂದ್ಸಲ ಹೇಳೇ," ಅಂದರು.

"ಆಗಲ್ಲ," ಅಂದೆ. "ಒಂದ್ಸಲ ಹೇಳಿದ್ದಕ್ಕೇ ನಿಮ್ಮ ಆಯಸ್ಸು ಎಷ್ಟು ಕಮ್ಮಿಯಾಯ್ತೋ. ಹೆಸರು ಆ ಕಲ್ಲಿನ ಮೇಲಿರ್ಲಿ. ನನಗೆ ನೀವು ಬೇಕು ಕಣ್ರೀ."